ದೊಡ್ಡಾಸ್ಪತ್ರೆಯ ದಾರಿಯಲ್ಲಿ ನಾಲ್ಕು ತಾಲ್ಲೂಕು

ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು ನಮ್ಮ ಸೀಮೆಯಲ್ಲಿ ಯಾರೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ. ಅದು ದೊಡ್ಡಾಸ್ಪತ್ರೆ. ಶ್ರೀರಂಗಪಟ್ಟಣದವರಿಗೆ ಬಸ್ಸು ಹತ್ತಿದರೆ ಅರ್ಧ ಗಂಟೆಯ ಹಾದಿ. ಪಾಂಡವಪುರದವರು ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಕೆ.ಆರ್. ಪೇಟೆ, ನಾಗಮಂಗಲದ ಒಳಹಳ್ಳಿಯವರಿಗೆ ಮಾತ್ರ ಅದು ಬುತ್ತಿ ಕಟ್ಟಿಕೊಂಡು, ಚಾಪೆ ಸುತ್ತಿಕೊಂಡು, ಹಸು ಕರುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಡಬೇಕಾದ ಊರು. "ದೊಡ್ಡಾಸ್ಪತ್ರೆಗೆ ಬರ್ಕೊಟ್ರು" ಎಂದು ಯಾರಾದರೂ ಹೇಳಿದರೆ ಕೇಳಿದವರು ಕಾಯಿಲೆ ಏನೆಂದು ವಿಚಾರಿಸುತ್ತಿರಲಿಲ್ಲ. ದುಡ್ಡು ಯಾರ ಹತ್ತಿರ ಎತ್ತುವುದು ಎಂಬ ಮಾತು ಮೊದಲು ಬರುತ್ತಿತ್ತು.

ಹಾಗೆ ಬರೆದುಕೊಡುವ ಚೀಟಿಗಳ ಈ ತುದಿಯಲ್ಲಿ ಇದ್ದವನು ನಾನು. 1978ರಲ್ಲಿ ಸರ್ಕಾರಿ ಆಸ್ಪತ್ರೆಗೆ ಸೇರಿದೆ. ಆದೇಶದಲ್ಲಿ ಫಾರ್ಮಸಿಸ್ಟ್ ಎಂದಿತ್ತು, ಜನ ಕಾಂಪೌಂಡರ್ ಎಂದರು, ನಿವೃತ್ತಿಯವರೆಗೂ ಹಾಗೇ ಉಳಿಯಿತು. ನಾಗಮಂಗಲ ತಾಲ್ಲೂಕಿನಲ್ಲಿ ಶುರುವಾಗಿ, ಕೆ.ಆರ್. ಪೇಟೆ, ಪಾಂಡವಪುರ ದಾಟಿ, ಶ್ರೀರಂಗಪಟ್ಟಣದಲ್ಲಿ ಮುಗಿದ ನೌಕರಿ. ನಡುವೆ ಸ್ವಲ್ಪ ಕಾಲ ನಿಯೋಜನೆಯ ಮೇಲೆ ದೊಡ್ಡಾಸ್ಪತ್ರೆಯ ಔಷಧ ಉಗ್ರಾಣದಲ್ಲೂ ಇದ್ದೆ. ಡಾಕ್ಟರುಗಳು ಆಡಿದ ಮಾತನ್ನು ನಾನು ಕೇಳಿಸಿಕೊಂಡಷ್ಟು ಅವರ ಮನೆಯವರೂ ಕೇಳಿಸಿಕೊಂಡಿರಲಾರರು. ನಡುರಾತ್ರಿ ಒಂದು ಹೆರಿಗೆಗೋ, ವಿಷ ಕುಡಿದವನಿಗೋ ಕಾದು ಕೂತಾಗ ಡಾಕ್ಟರೂ ಕಾಂಪೌಂಡರೂ ಮಾತಾಡದೆ ಇನ್ನೇನು ಮಾಡುತ್ತಾರೆ? ತಾವು ಕಲಿತ ಕಾಲೇಜು, ಬೈದ ಗುರುಗಳು, ಕೈ ತಪ್ಪಿ ಹೋದ ಜೀವಗಳು, ಎಲ್ಲವೂ ಬರುತ್ತಿದ್ದವು. ಯಾವುದನ್ನೂ ಯಾರೂ ಬರೆದಿಡಲಿಲ್ಲ. ಅಷ್ಟನ್ನೂ ಕೇಳಿ, ಆಮೇಲಿನದನ್ನು ಕಣ್ಣಾರೆ ಕಂಡು ನನಗನ್ನಿಸಿದ್ದು ಇದು: ಮದ್ದು ಬದಲಾಯಿತು, ಯಂತ್ರ ಬಂತು, ಕಟ್ಟಡ ಎದ್ದಿತು, ಸರಿ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳ ಚರಿತ್ರೆಯಲ್ಲಿ ದೊಡ್ಡ ಬದಲಾವಣೆ ಯಾವುದೆಂದರೆ, ರಾತ್ರಿ ಹೊತ್ತು ಡಾಕ್ಟರು ಯಾವ ಊರಿನಲ್ಲಿ ಮಲಗುತ್ತಾರೆ ಎಂಬುದು.

ನನ್ನ ಮೊದಲ ಊರಿನಲ್ಲಿ ನಿವೃತ್ತರಾದ ಎಲ್‌ಎಂಪಿ ಡಾಕ್ಟರೊಬ್ಬರಿದ್ದರು. ಎಲ್‌ಎಂಪಿ ಎಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಅದು ಎಂಬಿಬಿಎಸ್‌ಗಿಂತ ಕಡಿಮೆ ಓದು. ಮೆಡಿಕಲ್ ಸ್ಕೂಲಿನಲ್ಲಿ ಕಲಿತು ಪರವಾನಗಿ ಪಡೆದವರು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು, ದೊಡ್ಡಾಸ್ಪತ್ರೆ ಅದರ ಕಲಿಕೆಯ ಆಸ್ಪತ್ರೆಯಾಯಿತು. ಅಲ್ಲಿಂದ ಹೊರಬಂದವರಲ್ಲಿ ಅನೇಕರು ಪಟ್ಟಣಗಳಲ್ಲೇ ನೆಲೆ ನಿಂತರು. ಹಳ್ಳಿ ಡಿಸ್ಪೆನ್ಸರಿಗಳನ್ನು ಹೊತ್ತವರು ಹೆಚ್ಚಾಗಿ ಈ ಎಲ್‌ಎಂಪಿಗಳೇ. ನಮ್ಮ ಹಿರಿಯರು ಸಂಜೆ ಹೊತ್ತು ಡಿಸ್ಪೆನ್ಸರಿಯ ಜಗಲಿಗೆ ಬಂದು ಕೂರುವರು, ಬೀಡಿ ಹಚ್ಚುವರು, ನನಗೆ ಸಿಗರೇಟು ಬೀಡಿ ಮುಟ್ಟಬಾರದೆಂದು ಬುದ್ಧಿ ಹೇಳುವರು.

ಅವರಿಗೆ ಇಷ್ಟವಾದ ವಿಷಯ ಚಳಿಜ್ವರ. ಪಟ್ಟಣದ (ಪಟ್ಟಣವೆಂದರೆ ನಮಗೆ ಶ್ರೀರಂಗಪಟ್ಟಣ ಒಂದೇ) ಕಥೆಯನ್ನು ಅವರು ಹೇಳುತ್ತಿದ್ದ ರೀತಿ ಇತಿಹಾಸದ ಮೇಷ್ಟ್ರುಗಳದ್ದಲ್ಲ. 1799ರಲ್ಲಿ ಕೋಟೆ ಹಿಡಿದ ಇಂಗ್ಲಿಷರು ಅಲ್ಲೇ ದಂಡು ಇಟ್ಟರು. ವರ್ಷ ವರ್ಷವೂ ಸಿಪಾಯಿಗಳು ಜ್ವರಕ್ಕೆ ಬಿದ್ದರು. ಕೊನೆಗೆ 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. "ಟಿಪ್ಪು ಸೋತ ಕಣಯ್ಯ, ಸೊಳ್ಳೆ ಗೆಲ್ತು" ಎಂದು ನಗುವರು. ಬೆಂಗಳೂರು ದಂಡಿನ ಪ್ರದೇಶ ಬೆಳೆದದ್ದಕ್ಕೆ ಕಾರಣಗಳನ್ನು ಹುಡುಕುವವರು ಕಾವೇರಿ ದಂಡೆಯ ಸೊಳ್ಳೆಗೂ ಒಂದು ಸಾಲು ಕೊಡಬೇಕು.

ಅವರು ಎಳೆಯ ಡಾಕ್ಟರಾಗಿದ್ದ ಹೊತ್ತಿಗೆ ಚಳಿಜ್ವರಕ್ಕೆ ಹೊಸ ನೆಲ ಸಿಕ್ಕಿತ್ತು. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಒಣನೆಲವನ್ನು ಗದ್ದೆ ಮಾಡುತ್ತ ಹೋಯಿತು. ಭತ್ತ ಬಂತು, ಕಬ್ಬು ಬಂತು, ಬೆನ್ನಲ್ಲೇ ಜ್ವರ ಬಂತು. ನಾಲೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಸಂಸ್ಥಾನದ ವೈದ್ಯರು ಆಗಲೇ ಅಧ್ಯಯನ ಮಾಡುತ್ತಿದ್ದರು. ಅದಕ್ಕೂ ಮೊದಲೇ, 1920ರ ದಶಕದ ಕೊನೆಯಲ್ಲಿ, ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಿತ್ತು. ಮಲೆನಾಡಿನ ಮೂಡಿಗೆರೆ ಒಂದು, ನಾಲೆ ಬಯಲಿನ ನಾಗೇನಹಳ್ಳಿ ಇನ್ನೊಂದು. ನಿಂತ ನೀರಿನ ಮೇಲೆ ಪ್ಯಾರಿಸ್ ಗ್ರೀನ್ ಎಂಬ ಹಸಿರು ವಿಷದ ಪುಡಿಯನ್ನು ದೂಳಿಗೆ ಬೆರೆಸಿ ಎರಚುವುದು, ಬಾವಿ ಕಟ್ಟೆಗಳಿಗೆ ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನು ಬಿಡುವುದು ಆ ಕಾಲದ ಉಪಾಯಗಳು. ಆ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದವರು ಮೈಸೂರಿನಲ್ಲಿ ಮಲೇರಿಯಾ ಕೆಲಸ ಮಾಡಿದ ಡಾ. ಬಿ.ಎ. ರಾವ್. ಈಗಲೂ ಆರೋಗ್ಯ ಇಲಾಖೆಯವರು ತೊಟ್ಟಿಗೆ ಬಿಡುವುದು ಅದೇ ಮೀನು.

ಎಲ್‌ಎಂಪಿ ಡಾಕ್ಟರಿಗೆ ಇವೆಲ್ಲ ಪುಸ್ತಕದ ಸಂಗತಿಗಳಾಗಿರಲಿಲ್ಲ. ನಡುಗುತ್ತ ಬಂದವನನ್ನು ಅವರು ಮೊದಲು ಕೇಳುತ್ತಿದ್ದದ್ದು, "ಯಾವ ತೂಬಿನ ಕೆಳಗೆ ನಿನ್ನ ಗದ್ದೆ?" ಉತ್ತರ ಬಂದ ಮೇಲೆಯೇ ನಾಡಿ ಹಿಡಿಯುವುದು. ಒಂದೇ ತೂಬಿನ ಕೆಳಗಿನವರು ವಾರದಲ್ಲಿ ಮೂವರು ಬಂದರೆ ಸೈಕಲ್ ಹತ್ತಿ ತೂಬು ನೋಡಲು ಹೋಗುತ್ತಿದ್ದರಂತೆ. ನಾನು ಕಂಡಾಗ ಅವರಿಗೆ ಸೈಕಲ್ ತುಳಿಯುವ ಶಕ್ತಿ ಇರಲಿಲ್ಲ, ಪ್ರಶ್ನೆ ಮಾತ್ರ ಉಳಿದಿತ್ತು.

ನಾನು ಸೇರುವ ಹೊತ್ತಿಗೆ ಡಿಡಿಟಿಯ ಕಾಲ ಒಂದು ಸುತ್ತು ಮುಗಿದಿತ್ತು. 1953ರಲ್ಲಿ ದೇಶವ್ಯಾಪಿ ಮಲೇರಿಯಾ ನಿಯಂತ್ರಣ ಶುರುವಾಗಿ, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಗಿ, ಎಲ್ಲ ಮುಗಿಯಿತು ಎಂದುಕೊಂಡಾಗ 1970ರ ದಶಕದಲ್ಲಿ ಜ್ವರ ಮತ್ತೆ ಎದ್ದಿತ್ತು. ಮನೆ ಗೋಡೆಯ ಮೇಲೆ ತಾರೀಕು ಬರೆದು ಹೋಗುವ ಮಲೇರಿಯಾ ವರ್ಕರ್, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಳ್ಳುವುದು, ಕಹಿ ಕ್ಲೋರೋಕ್ವಿನ್ ಮಾತ್ರೆ, ಇವೆಲ್ಲ ನನ್ನ ತಲೆಮಾರಿನವರಿಗೆ ಗೊತ್ತು. ರೇಷ್ಮೆ ಹುಳು ಸಾಕುವವರು ಡಿಡಿಟಿ ಪಂಪು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೊಳ್ಳೆ ಸಾಯುವ ಮದ್ದಿಗೆ ಹುಳುವೂ ಸಾಯುತ್ತದೆ ಎಂಬ ಸರಳ ಲೆಕ್ಕ ಕಾರ್ಯಕ್ರಮ ಮಾಡಿದವರ ತಲೆಗೆ ಹೋಗಲು ಬಹಳ ಕಾಲ ಬೇಕಾಯಿತು.

ನಾಲೆ ಹತ್ತದ ನಾಗಮಂಗಲದ ಕಥೆ ಬೇರೆ. ಅಲ್ಲಿ ಬೋರ್‌ವೆಲ್ ಆಳಕ್ಕೆ ಇಳಿದಂತೆ ನೀರಿನಲ್ಲಿ ಫ್ಲೋರೈಡ್ ಬಂತು. ಶಾಲೆಯ ಮಕ್ಕಳ ಹಲ್ಲು ಕಂದು ಪಟ್ಟೆ, ಮಧ್ಯವಯಸ್ಸಿಗೇ ಬಗ್ಗದ ಬೆನ್ನು. ನೋವಿನ ಮಾತ್ರೆ ಕೊಟ್ಟು ಕಳಿಸುತ್ತಿದ್ದೆವು. ನೀರಿನ ಕಾಯಿಲೆಗೆ ಔಷಧದ ಕಿಟಕಿಯಲ್ಲಿ ಮದ್ದಿಲ್ಲ.

ಕಿಟಕಿಯ ವಿಷಯ ಬಂತು, ನನ್ನ ಕಸುಬಿನದ್ದೂ ಸ್ವಲ್ಪ ಹೇಳಿಬಿಡುತ್ತೇನೆ. ಕಾಂಪೌಂಡರ್ ಎಂದರೆ ಮದ್ದು ಕೂಡಿಸುವವನು. ನಾವು ನಿಜವಾಗಿಯೂ ಕೂಡಿಸುತ್ತಿದ್ದೆವು. ಹೊಟ್ಟೆಯುಬ್ಬರಕ್ಕೆ ಕಾರ್ಮಿನೇಟಿವ್ ಮಿಕ್ಸ್ಚರ್, ಉರಿಮೂತ್ರಕ್ಕೆ ಆಲ್ಕಲೈನ್ ಮಿಕ್ಸ್ಚರ್, ಕೆಮ್ಮಿಗೆ ಒಂದು, ಬೇಧಿಗೆ ಒಂದು. ಬಿಳಿ ಪಿಂಗಾಣಿ ಜಾಡಿಗಳಲ್ಲಿ ಬೆಳಿಗ್ಗೆಯೇ ಕಲಸಿಟ್ಟರೆ ಮಧ್ಯಾಹ್ನಕ್ಕೆ ಖಾಲಿ. ರೋಗಿಗಳು ತಮ್ಮ ಸೀಸೆ ತಾವೇ ತರಬೇಕು. ಬ್ರಾಂದಿ ಸೀಸೆಗೆ ಬೇಡಿಕೆ ಹೆಚ್ಚು, ಏಕೆಂದರೆ ಬಿರಡೆ ಗಟ್ಟಿ. ಸೀಸೆಯ ಪಕ್ಕಕ್ಕೆ ಹೊತ್ತಿಗೆ ಎಷ್ಟು ಎಂದು ತೋರಿಸುವ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಬೇಕು. ಓದು ಬಾರದವರಿಗೂ ಆ ಪಟ್ಟಿ ಅರ್ಥವಾಗುತ್ತಿತ್ತು. ಕಜ್ಜಿಗೆ ಬೆಂಜೈಲ್ ಬೆಂಜೋಯೇಟ್, ಹುಳುಕಡ್ಡಿಗೆ ವಿಟ್‌ಫೀಲ್ಡ್ ಮುಲಾಮು, ಬಾಯಿಹುಣ್ಣಿಗೆ ನೇರಳೆ ಬಣ್ಣದ ಜೆನ್ಶಿಯನ್ ವಯಲೆಟ್. ನೇರಳೆ ತುಟಿಯ ಮಕ್ಕಳು ಬೀದಿಯಲ್ಲಿ ಕಂಡರೆ ಆಸ್ಪತ್ರೆ ಬಾಗಿಲು ತೆರೆದಿದೆ ಎಂದು ಊರಿಗೆ ತಿಳಿಯುತ್ತಿತ್ತು. ಗಾಜಿನ ಸಿರಿಂಜು, ಉಕ್ಕಿನ ಸೂಜಿ, ಸ್ಪಿರಿಟ್ ಲ್ಯಾಂಪಿನ ಮೇಲೆ ಕುದಿಸುವ ಪಾತ್ರೆ. ಸೂಜಿ ಮೊಂಡಾದರೆ ಕಲ್ಲಿಗೆ ಮಸೆದುಕೊಳ್ಳುತ್ತಿದ್ದೆವು. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಆದರೂ ಜನಕ್ಕೆ ಸೂಜಿಯೇ ಬೇಕು. "ಮಾತ್ರೆ ಬ್ಯಾಡ ಸಾ, ಒಂದ್ ಸೂಜಿ ಆಕ್‌ಬುಡಿ, ನಾಳೆ ನಾಟಿ ಅದೆ." ನಂತರ ಮಾತ್ರೆಗಳು ಪಟ್ಟಿಯಲ್ಲಿ ಬಂದವು, ಸಿರಪ್ಪು ಪ್ಲಾಸ್ಟಿಕ್ ಸೀಸೆಯಲ್ಲಿ ಬಂತು. ನನ್ನ ಕೆಲಸ ಎಣಿಸಿ ಕೊಟ್ಟು ಪುಸ್ತಕದಲ್ಲಿ ಬರೆಯುವುದಕ್ಕೆ ಇಳಿಯಿತು. ಅದರ ಬಗ್ಗೆ ನನಗೆ ದುಃಖವೇನಿಲ್ಲ. ನಾವು ಕಲಸಿದ ಬಣ್ಣದ ನೀರಿಗಿಂತ ಒಂದು ಪೊಟ್ಟಣ ಓಆರ್‌ಎಸ್ ಹೆಚ್ಚು ಮಕ್ಕಳನ್ನು ಉಳಿಸಿತು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ನಾನಿದ್ದಾಗಿನ ಡಾಕ್ಟರನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕು. ದೊಡ್ಡಾಸ್ಪತ್ರೆಯಲ್ಲಿ ಕಲಿತವರು. ಕ್ವಾರ್ಟರ್ಸ್‌ನಲ್ಲೇ ಇದ್ದರು, ಬೇರೆಲ್ಲೂ ಇರಲು ಆ ಊರಿನಲ್ಲಿ ಮನೆಯೂ ಇರಲಿಲ್ಲ. ಸಂಜೆ ಖಾಸಗಿಯಾಗಿ ರೋಗಿಗಳನ್ನು ನೋಡಿ ದುಡ್ಡು ತೆಗೆದುಕೊಳ್ಳುತ್ತಿದ್ದರು. ಸಂತರೆಂದು ನಾನೇನೂ ಹೇಳುತ್ತಿಲ್ಲ. ಅವರೆಕಾಯಿ, ಉಂಡೆ ಬೆಲ್ಲವೂ ಬೇಕಾದಷ್ಟು ಬರುತ್ತಿತ್ತು, ನನಗೂ ಪಾಲು ಸಿಗುತ್ತಿತ್ತು. ಆದರೆ ಬಾಗಿಲು ಬಡಿದರೆ ಏಳುತ್ತಿದ್ದರು.

ಬಾಗಿಲು ಬಡಿಯುತ್ತಿದ್ದದ್ದು ಹೆಚ್ಚಾಗಿ ವಿಷಕ್ಕೆ. ನಮ್ಮ ಕಡೆ ಯಾವ ಕೀಟನಾಶಕ ಕುಡಿದರೂ ಕರೆತಂದವರು ಹೇಳುವ ಹೆಸರು ಒಂದೇ: "ಎಂಡ್ರಿನ್ ಕುಡ್ದ್‌ಬುಟ್ಟವ್ನೆ ಸಾ." ಡಾಕ್ಟರು ಆ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಟಾರ್ಚು ಹಿಡಿದು ರೆಪ್ಪೆ ಎತ್ತುವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರಿಯುತ್ತ, ಮೈಯೆಲ್ಲ ಬೆವರಿ, ಉಸಿರಿಗೆ ಬೆಳ್ಳುಳ್ಳಿ ನಾತ ಇದ್ದರೆ ಅದು ಫಾಲಿಡಾಲ್ ಜಾತಿಯದು. ಅದಕ್ಕೆ ಅಟ್ರೋಪಿನ್ ಕೆಲಸ ಮಾಡುತ್ತದೆ. ನಿಜವಾದ ಎಂಡ್ರಿನ್ ಆದರೆ ಅಟ್ರೋಪಿನ್ ದಂಡ. ಅದರಲ್ಲಿ ಫಿಟ್ಸ್ ಬರುತ್ತದೆ, ಅದನ್ನು ತಡೆಯಬೇಕು. ಈ ಭೇದ ಒಂದು ನಿಮಿಷದಲ್ಲಿ ಆಗಬೇಕು. ಹೊಟ್ಟೆ ತೊಳೆದ ಮೇಲೆ ನನ್ನ ಕೆಲಸ ಆಂಪೂಲು ಮುರಿಯುವುದು. ಒಂದರಲ್ಲಿ ಇರುವುದು 0.6 ಮಿಲಿಗ್ರಾಂ. ಕೆಲವೇ ನಿಮಿಷಕ್ಕೊಮ್ಮೆ, ಎದೆಯ ಗೊರಗೊರ ನಿಲ್ಲುವವರೆಗೆ, ಕೊಡುತ್ತಲೇ ಇರಬೇಕು. ಬೆಳಗಿನ ಹೊತ್ತಿಗೆ ಬಕೆಟ್ಟಿನಲ್ಲಿ ಗಾಜಿನ ಚೂರಿನ ರಾಶಿ, ಉಗ್ರಾಣದಲ್ಲಿ ಬರಿ ಪೆಟ್ಟಿಗೆ.

ಅವರಿಂದ ನಾನು ಕಲಿತ ಒಂದು ಸಂಗತಿ ಇದೆ. ವಿಷ ಇಳಿದು, ರೋಗಿ ಎದ್ದು ಕೂತು ಕಾಫಿ ಕುಡಿದು, ಮನೆಯವರು ಹರಕೆ ತೀರಿಸುವ ಮಾತಾಡುವ ಹೊತ್ತಿಗೆ ಡಾಕ್ಟರು ಬಂದು, "ದಿಂಬಿನಿಂದ ತಲೆ ಎತ್ತಪ್ಪ" ಎನ್ನುವರು. ಎತ್ತಿದರೆ ಸರಿ. ಕತ್ತು ಮೇಲೇಳದಿದ್ದರೆ ಮಾತಿಲ್ಲದೆ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸುವರು. ಎರಡನೆಯ, ಮೂರನೆಯ ದಿನ ಕತ್ತಿನ ಶಕ್ತಿ ಹೋದವನಿಗೆ ಸ್ವಲ್ಪ ಹೊತ್ತಿನಲ್ಲೇ ಉಸಿರಾಟದ ಸ್ನಾಯುವೂ ಕೈಕೊಡುತ್ತದೆ ಎಂದು ಅವರು ಹಾಸಿಗೆ ಪಕ್ಕ ಕೂತು ಕಂಡುಕೊಂಡಿದ್ದರು. ಇದನ್ನು ಪುಣೆಯ ವೈದ್ಯರು 1974ರಲ್ಲೇ ಬರೆದಿದ್ದರು, 1987ರಲ್ಲಿ ಶ್ರೀಲಂಕಾದ ವೈದ್ಯರು ಅದಕ್ಕೆ ಹೆಸರನ್ನೂ ಇಟ್ಟರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ, ದೊಡ್ಡಾಸ್ಪತ್ರೆಯಲ್ಲಿ ಹುಡುಗ ಡಾಕ್ಟರೊಬ್ಬರು ಹೇಳಿದಾಗ. ಪೇಟೆ ತಾಲ್ಲೂಕಿನ ನಮ್ಮ ಡಾಕ್ಟರಿಗೆ ಆ ಪತ್ರಿಕೆಗಳನ್ನು ತರಿಸುವ ಅನುಕೂಲವೆಲ್ಲಿಂದ ಬರಬೇಕು? ಅವರು ಕಂಡದ್ದನ್ನು ಬರೆಯಲೂ ಇಲ್ಲ. ಈಗ ಅವರಿಲ್ಲ.

ಹಾವು ಕಚ್ಚಿದವರದೂ ಹಾಗೇ. ಕಬ್ಬು ಕಡಿಯುವ ಕಾಲಕ್ಕೆ ಕೊಳಕುಮಂಡಲ. ಗಾಜಿನ ಟ್ಯೂಬಿಗೆ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ. ಇದಕ್ಕೆ ಕರೆಂಟು ಬೇಡ, ಲ್ಯಾಬು ಬೇಡ, ಗಡಿಯಾರವೊಂದು ಸಾಕು, ಮತ್ತೆ ಆ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕೂರುವ ಮನುಷ್ಯ ಬೇಕು.

ಹೆರಿಗೆಯ ಮಾತಿಗೆ ಬಂದರೆ ಹಳೆಯ ಕಾಲವನ್ನು ಹೊಗಳುವ ಬಾಯಿ ಕಟ್ಟಿಹೋಗುತ್ತದೆ. ಮನೆಯಲ್ಲೇ ಹೆರಿಗೆ, ಊರಿನ ಸೂಲಗಿತ್ತಿಯ ಕೈ. ಒಳ್ಳೆಯ ಕೈಗಳಿದ್ದವು, ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲಿಂದಲೇ ತಿರುಗಿಸಬಲ್ಲ ಅಜ್ಜಿಯರನ್ನು ಲೇಡಿ ಡಾಕ್ಟರುಗಳೇ ಮೆಚ್ಚಿದ್ದುಂಟು. ಆದರೆ ಮಾಸು ಬೀಳದೆ ರಕ್ತ ಹರಿಯಲು ಶುರುವಾದರೆ ಆ ಕೈಗಳಿಗೂ ಏನೂ ಮಾಡಲಾಗುತ್ತಿರಲಿಲ್ಲ, ನಮಗೂ ಅಷ್ಟೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಸಾಗಿಸಬೇಕು. ಯಾವುದರಲ್ಲಿ? ಅಕ್ಕಿಹೆಬ್ಬಾಳಿನ ಕಡೆಯವರಿಗೆ ಮೀಟರ್ ಗೇಜ್ ರೈಲಿತ್ತು, ಅದರ ಹೊತ್ತಿಗೆ ಸರಿಯಾಗಿ ರಕ್ತಸ್ರಾವ ಆಗಬೇಕು! ಕಿಕ್ಕೇರಿ, ಬೂಕನಕೆರೆ ಕಡೆಯವರಿಗೆ ಬೆಲ್ಲದ ಲಾರಿ. ಆಲೆಮನೆಯಿಂದ ಮಂಡ್ಯಕ್ಕೋ ಮೈಸೂರಿಗೋ ಹೊರಟ ಲಾರಿಯನ್ನು ತಡೆದು, ಮೂಟೆಗಳ ಮೇಲೆ ಹುಲ್ಲು ಹಾಸಿ ಬಾಣಂತಿಯನ್ನು ಮಲಗಿಸಿದ್ದನ್ನು ನಾನು ಕಂಡಿದ್ದೇನೆ. ಚಿನಕುರಳಿ ದಾಟುವುದರೊಳಗೆ ಮುಗಿದದ್ದೂ ಉಂಟು. ತಲುಪಿದರೂ ರಕ್ತ ಕೊಡಲು ಗಂಡನ ಮನೆಯವರು ಹಿಂದೆ ಸರಿಯುವರು. ಆಗ ಊರೂರಿನಲ್ಲೂ ರಕ್ತ ಮಾರಿ ಬದುಕುವವರಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 1998ರಿಂದ ಅದು ನಿಂತಿತು.

ಹಾಗಾಗಿ 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂದಾಗ ನನ್ನಂಥವರಿಗೆ ಆದ ಸಮಾಧಾನವನ್ನು ಈಗಿನ ಹುಡುಗರಿಗೆ ಹೇಳಿ ತಿಳಿಸುವುದು ಕಷ್ಟ. ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, ಆಸ್ಪತ್ರೆಯಲ್ಲೇ ಹೆತ್ತರೆ ಕೈಗೆ ಸಿಗುವ ಸಹಾಯಧನ, ಇವೆಲ್ಲ ಸೇರಿ ಐದಾರು ವರ್ಷದಲ್ಲಿ ಮನೆ ಹೆರಿಗೆಯ ಸುದ್ದಿಯೇ ಅಪರೂಪವಾಯಿತು. ನನ್ನ ಕಣ್ಣೆದುರು ನಡೆದ ಬದಲಾವಣೆಗಳಲ್ಲಿ ಎರಡು ಮಾತಿಲ್ಲದೆ ಒಳ್ಳೆಯದೆಂದು ಹೇಳಬಲ್ಲದ್ದು ಇದೇ.

ರೋಗಿಗಳ ದಿಕ್ಕು ಬದಲಾದದ್ದು ಇನ್ನೊಂದು ಕಥೆ. ನಾಗಮಂಗಲದವರು ದಕ್ಷಿಣಕ್ಕೆ ಮುಖ ಮಾಡಿ ಮಂಡ್ಯಕ್ಕೆ, ಮೈಸೂರಿಗೆ ಹೋಗುತ್ತಿದ್ದವರು. 1986ರಲ್ಲಿ ಬೆಳ್ಳೂರು ಕ್ರಾಸ್ ಬಳಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಶುರುವಾಯಿತು. 1974ರಲ್ಲಿ ಮಠದ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿ ಆ ಬೋರೆಯ ಮೇಲೆ ಮೆಡಿಕಲ್ ಕಾಲೇಜು ಕಟ್ಟುತ್ತಾರೆಂದಾಗ ನಮ್ಮ ಡಾಕ್ಟರುಗಳೇ ನಂಬಿರಲಿಲ್ಲ. "ಪ್ರೊಫೆಸರುಗಳು ಈ ಕಾಡಿಗೆ ಬಂದು ಇರ್ತಾರೇನ್ರೀ?" ಎಂದು ನಕ್ಕವರಿದ್ದರು. ಬಂದರು. ಬೆಂಗಳೂರು ಮಂಗಳೂರು ಹೆದ್ದಾರಿಯ ಅಂಚಿನ ಆ ಊರು ಬಿ.ಜಿ. ನಗರವಾಯಿತು, ಈಗ ರೈಲು ನಿಲ್ದಾಣವೂ ಇದೆ. ಕ್ಯಾಂಪುಗಳಿಗೆ ಕಾಲೇಜಿನ ಬಸ್ಸೇ ಹಳ್ಳಿಗೆ ಬಂದು ಕಣ್ಣಿನ ಪೊರೆಯವರನ್ನು ಕರೆದೊಯ್ದು ವಾಪಸು ಬಿಡುತ್ತಿತ್ತು. ಮಠದ ಬಗ್ಗೆ, ಖಾಸಗಿ ಮೆಡಿಕಲ್ ಸೀಟಿನ ಬಗ್ಗೆ ಹೇಳುವವರು ಏನೇ ಹೇಳಲಿ, ಬಿಂಡಿಗನವಿಲೆಯ ಮುದುಕಿಗೆ ಮೈಸೂರಿನ ಬಸ್ಸು ತಪ್ಪಿದ್ದು ಸುಳ್ಳಲ್ಲ. ಸ್ವಾಮೀಜಿ 2013ರ ಜನವರಿಯಲ್ಲಿ ತೀರಿಕೊಂಡಾಗ ಅಲ್ಲಿ ಸೇರಿದ ಜನದಲ್ಲಿ ಆ ಆಸ್ಪತ್ರೆಯ ಹಳೆಯ ರೋಗಿಗಳು ಎಷ್ಟೋ ಮಂದಿ.

ಇತ್ತ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಯಶಸ್ವಿನಿ ಬಂತು. ಡಾ. ದೇವಿ ಶೆಟ್ಟಿಯವರ ಆಲೋಚನೆ, ಸಹಕಾರ ಸಂಘಗಳ ಜಾಲ. ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದ ರೈತನಿಗೆ ಆಪರೇಷನ್ ಪುಕ್ಕಟೆ. ಹಾಲಿನ ಡೈರಿಯ ಕಾರ್ಯದರ್ಶಿಯೇ ಮನೆಮನೆಗೆ ಹೋಗಿ ಹೆಸರು ಬರೆಸಿಕೊಂಡ. ಎದೆ ನೋವೆಂದರೆ ಓಮದ ನೀರು ಕುಡಿಯುತ್ತಿದ್ದವರು ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದು ಅಂಗಿ ಬಿಚ್ಚಿ ಗಾಯ ತೋರಿಸುವರು. ಒಳ್ಳೆಯದೇ ಆಯಿತು. ಜೊತೆಗೆ ಇನ್ನೊಂದೂ ಆಯಿತು. ಕಾರ್ಡು ಕೈಗೆ ಬಂದವರು ನಮ್ಮ ಬಾಗಿಲಿಗೆ ಬರುವುದು ಚೀಟಿಗೆ ಮಾತ್ರ. ನಮ್ಮ ಡಾಕ್ಟರುಗಳು ನೋಡುವ ಡಾಕ್ಟರುಗಳಾಗಿದ್ದವರು ಕಳಿಸುವ ಡಾಕ್ಟರುಗಳಾದರು.

ಅದೇ ಹೊತ್ತಿಗೆ ಕ್ವಾರ್ಟರ್ಸ್ ಖಾಲಿಯಾಯಿತು. ಇದನ್ನು ಡಾಕ್ಟರುಗಳ ತಪ್ಪು ಎಂದಷ್ಟೇ ಹೇಳಿ ಮುಗಿಸುವವರ ಜೊತೆ ನನಗೆ ಜಗಳವಿದೆ. ಸೋರುವ ಹೆಂಚು, ಬಾರದ ನೀರು, ಮಕ್ಕಳಿಗೆ ಇಂಗ್ಲಿಷ್ ಶಾಲೆಯಿಲ್ಲ. ರೋಗಿ ಸತ್ತರೆ ಕಲ್ಲು ತೂರಲು ಬರುವ ಗುಂಪಿಗೆ ಮೊದಲು ಸಿಗುವುದು ಅದೇ ಮನೆ. ಮೈಸೂರಿನ ರಸ್ತೆ ಸುಧಾರಿಸಿದ ಮೇಲೆ ಯಾರು ಉಳಿಯುತ್ತಾರೆ? ಬೆಳಿಗ್ಗೆ ಕಾರಿನಲ್ಲಿ ಬಂದು ಸಂಜೆ ಹೊರಡುವ ಡಾಕ್ಟರು ಓದಿನಲ್ಲಿ ನಮ್ಮ ಎಲ್‌ಎಂಪಿಗಿಂತ ಎಷ್ಟೋ ಪಾಲು ಮೇಲು. ಅವರಿಗೆ ಯಾವ ತೂಬು ಎಲ್ಲಿದೆ ಎಂದು ಗೊತ್ತಿಲ್ಲ, ಅಷ್ಟೆ. ಹಳ್ಳಿಗಾಡಿನಲ್ಲಿ ಸರ್ಕಾರಿ ಡಾಕ್ಟರಾಗಿದ್ದ ಬೆಸಗರಹಳ್ಳಿ ರಾಮಣ್ಣನವರು ಕತೆಗಾರರೂ ಆದದ್ದು ನಮ್ಮ ಜಿಲ್ಲೆಯ ಪುಣ್ಯ, 1998ರಲ್ಲಿ ತೀರಿಕೊಂಡರು. ಓಪಿಯಲ್ಲಿ ಎರಡು ನಿಮಿಷ ಮಾತ್ರ ರೋಗಿಯ ಮುಖ ನೋಡುವವರಿಗೆ ಅಂಥ ಕತೆಗಳು ಸಿಗುವ ದಾರಿ ಯಾವುದು? ಮಂಡ್ಯದಲ್ಲಿ ಐದು ರೂಪಾಯಿ ಡಾಕ್ಟರೆಂದೇ ಹೆಸರಾದ ಶಿವಳ್ಳಿಯ ಡಾ. ಎಸ್.ಸಿ. ಶಂಕರೇಗೌಡರ ಮುಂದೆ ನಮ್ಮ ನಾಲ್ಕೂ ತಾಲ್ಲೂಕಿನ ಜನ ಸಾಲುಗಟ್ಟಿ ನಿಂತದ್ದು ಬರೀ ದುಡ್ಡು ಕಡಿಮೆ ಎಂದಲ್ಲ. ಅವರು ಅಲ್ಲೇ ಸಿಗುತ್ತಾರೆ, ನಾಳೆಯೂ ಸಿಗುತ್ತಾರೆ ಎಂಬ ಭರವಸೆಗೆ.

ಖಾಲಿ ಜಾಗ ಖಾಲಿಯಾಗೇ ಉಳಿಯಲಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಸ್ಕ್ಯಾನಿಂಗ್ ಬಂದಾಗ ನಮ್ಮ ಡಾಕ್ಟರುಗಳು ಅದನ್ನು ಕಣ್ಣೆಂದು ಸಂಭ್ರಮಿಸಿದ್ದರು. ಜಿಲ್ಲೆಯಲ್ಲಿ ಅದನ್ನು ಕತ್ತಿಯಾಗಿ ಹಿಡಿದವರೂ ಹುಟ್ಟಿಕೊಂಡರು. 2023ರ ಕೊನೆಯಲ್ಲಿ ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಮರುವರ್ಷದ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಕ್ರಮ ಗರ್ಭಪಾತ ನಡೆಯುತ್ತಿದ್ದ ಪ್ರಕರಣ ಹೊರಬಂತು. ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಡಾಕ್ಟರು ವಾಸ ಮಾಡುವ ಆವರಣದಲ್ಲಿ ಅಂಥದ್ದು ನಡೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ.

ನನ್ನ ನೌಕರಿ ಮುಗಿದದ್ದು 2015ರಲ್ಲಿ. ಆ ಮಳೆಗಾಲ ಮಂಡ್ಯ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಸಾಲಾಗಿ ನಡೆದವು. ಕಬ್ಬಿನ ಬಾಕಿ, ಬಿದ್ದುಹೋದ ಬೆಲೆ, ಸಾಲ. ತಲೆ ಎತ್ತಪ್ಪ ಎನ್ನುವ ಡಾಕ್ಟರು ನನಗೆ ಆಗ ಬಹಳ ನೆನಪಾದರು. ಕೊರೊನಾ ಬಂದಾಗ ನಾನು ಮನೆಯಲ್ಲಿದ್ದೆ. 2020ರ ಮೇ ತಿಂಗಳಲ್ಲಿ ಮುಂಬೈಗೆ ದುಡಿಯಲು ಹೋಗಿದ್ದ ಕೆ.ಆರ್. ಪೇಟೆ ತಾಲ್ಲೂಕಿನವರು ಗುಂಪುಗುಂಪಾಗಿ ವಾಪಸಾದರು, ಜಿಲ್ಲೆಯ ಸೋಂಕಿನ ಪಟ್ಟಿ ಅವರಿಂದಲೇ ಉದ್ದವಾಯಿತು. ಬಂದವರನ್ನು ಊರೊಳಗೆ ಬಿಡಬೇಡಿ ಎಂದು ಕೂಗಿದವರ ಅಜ್ಜಂದಿರು ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದ ಗುಡಿಸಲಿನಲ್ಲಿ ಇದ್ದವರು. ಯಾರಿಗೂ ಅದು ನೆನಪಿರಲಿಲ್ಲ, ಏಕೆಂದರೆ ಹೇಳುವವರನ್ನು ಯಾರೂ ಕೇಳಿರಲಿಲ್ಲ.

ಕೇಳಿ ಇಡುವ ವಿದ್ಯೆ ನಮ್ಮಲ್ಲಿ ಇರಲಿಲ್ಲವೇ? ನಾಗಮಂಗಲ ತಾಲ್ಲೂಕೊಂದೇ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರನ್ನೂ ಅಂಬಳಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರನ್ನೂ ಕೊಟ್ಟಿತು. ಹಾಡುವವರ ಮನೆ ಬಾಗಿಲಿಗೆ ಹೋಗಿ ಕೂತು ಕೇಳಿದವರು ಇವರು. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ರಾಗಿ ಬೀಸುವ ಹಾಡು ಉಳಿಯಿತು. ಆ ರಾಗಿ ತಿಂದು ಕಾಯಿಲೆ ಬಿದ್ದವರನ್ನು ನೋಡಿಕೊಂಡವರ ಮಾತು ಉಳಿಯಲಿಲ್ಲ. ಮೈಸೂರು ಮೆಡಿಕಲ್ ಕಾಲೇಜಿಗೆ 2024ಕ್ಕೆ ನೂರು ತುಂಬಿತು. ಅಲ್ಲಿ ಕಲಿತು ನಮ್ಮ ತಾಲ್ಲೂಕುಗಳಲ್ಲಿ ಸವೆದವರಲ್ಲಿ 1960, 70ರ ದಶಕದವರು ಕೆಲವರು ಇನ್ನೂ ಇದ್ದಾರೆ, ಮೈಸೂರಿನ ಬಡಾವಣೆಗಳಲ್ಲಿ, ಮಕ್ಕಳ ಮನೆಗಳಲ್ಲಿ.

ನಿಮ್ಮ ಬೀದಿಯಲ್ಲಿ ಅಂಥ ಒಬ್ಬ ಹಳೆಯ ಡಾಕ್ಟರೋ, ಸಿಸ್ಟರೋ, ಆಯಾನೋ, ಆಸ್ಪತ್ರೆ ಜೀಪಿನ ಡ್ರೈವರೋ ಇದ್ದರೆ ಒಂದು ಸಂಜೆ ಹೋಗಿ ಕೂತುಕೊಳ್ಳಿ. ಮೊಬೈಲನ್ನು ರೆಕಾರ್ಡಿಗೆ ಹಾಕಿ ಮೇಜಿನ ಮೇಲಿಡಿ. ಸನ್ಮಾನದ ಭಾಷಣದಂಥ ಮಾತು ಬೇಡ. ಯಾವ ಇಸವಿ, ಯಾವ ಊರು, ಯಾವ ಕಾಯಿಲೆ, ಯಾವ ಮದ್ದು, ಯಾವ ದಾರಿಯಲ್ಲಿ ಸಾಗಿಸಿದಿರಿ ಎಂದು ಕೇಳಿ. ರೋಗಿಗಳ ಹೆಸರು ಮಾತ್ರ ಬರೆದುಕೊಳ್ಳಬೇಡಿ, ಅದು ಅವರ ಮನೆಯ ವಿಷಯ. ಮಿಕ್ಕದ್ದನ್ನು ನಿಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೋ, ಹತ್ತಿರದ ಕಾಲೇಜಿಗೋ ಕೊಡಿ. ಮುಂದಿನ ವರ್ಷ ನೋಡೋಣ ಎಂದುಕೊಳ್ಳಬೇಡಿ. ನಾನು ಹಾಗೆಂದುಕೊಂಡ ಡಾಕ್ಟರುಗಳಲ್ಲಿ ಈಗ ಫೋನು ಎತ್ತುವವರು ಇಬ್ಬರೇ.